ಚಳಿಜ್ವರದ ಜಿಡ್ಡಿನ ಲೆಕ್ಕ

ನಮ್ಮ ಓಣಿಯ ಗೌಂಡಿಯೊಬ್ಬ ಗೋವಾದ ಕಟ್ಟಡ ಕೆಲಸದಿಂದ ಸವದತ್ತಿಗೆ ಬಂದವನು ಬಂದ ವಾರದಲ್ಲೇ ಕೌದಿ ಹೊದ್ದು ಮಲಗಿದ. ಒಂದು ದಿನ ಹಲ್ಲು ಕಟಕಟ ಅನ್ನುವಷ್ಟು ಥಂಡಿ, ಆಮೇಲೆ ಮೈ ಸುಡುವ ಜ್ವರ, ಆಮೇಲೆ ಬೆವರು. ಮರುದಿನ ಏನೂ ಆಗದವನಂತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅದರ ಮರುದಿನ ಮತ್ತೆ ಕೌದಿ. ಹಳೆಯವರು ಕೇಳಿದ ಕೂಡಲೇ ಗುರುತು ಹಿಡಿದರು: ದಿನ ಬಿಟ್ಟು ದಿನ ಬರುವ ಚಳಿಜ್ವರ.

ರಕ್ತ ಕೊಡಲು ಹೋದಲ್ಲಿ ಯಾರೋ "ಬಂದೀರಿ, ಎಲ್ಲಾ ಒಮ್ಮೆ ನೋಡಿಸಿಬಿಡ್ರಿ" ಎಂದು ಪೂರ್ತಿ ಪ್ಯಾಕೇಜನ್ನೇ ಬರೆಸಿಬಿಟ್ಟರು. ಮೊದಲ ಹಾಳೆಯಲ್ಲಿ ಮಲೇರಿಯಾ, ವೈವಾಕ್ಸ್ ಜಾತಿ. ಎರಡನೆಯ ಹಾಳೆಯಲ್ಲಿ ಲಿಪಿಡ್ ಪ್ರೊಫೈಲ್: ಟ್ರೈಗ್ಲಿಸರೈಡ್ ಮೇಲೆ, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ತಳದಲ್ಲಿ. ಎರಡಕ್ಕೂ ಕೆಂಪು ಗೆರೆ. ಮಲೇರಿಯಾಕ್ಕೆ ಹೇಗೂ ಗುಳಿಗೆ ಇದೆ ಎಂದು ಮನೆಯವರು ಅದನ್ನು ಬದಿಗಿಟ್ಟು ಎರಡನೆಯ ಹಾಳೆಗೆ ಹೆದರಿದರು. ಮರುದಿನದಿಂದ ಒಲೆಯ ಮೇಲೆ ಶೇಂಗಾ ಎಣ್ಣೆ ಬಂದ್. ಚಟ್ನಿಗೂ ಎಣ್ಣೆ ಇಲ್ಲ. ಇಟ್ಟಿಗೆ ಹೊತ್ತು ಹುರಿಗಟ್ಟಿದ ಮೈಯ ಆ ಮನುಷ್ಯ ಬರೀ ರೊಟ್ಟಿ, ನೀರುಸಾರು ಉಣ್ಣುತ್ತ ಇನ್ನಷ್ಟು ಸೊರಗಿದ. ಅವನ ಹೆಂಡತಿ ಆ ಹಾಳೆಗಳನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

ಮಲೇರಿಯಾ ಬಂದವರ ರಕ್ತದಲ್ಲಿ ಈ ಏರುಪೇರು ಮಾಮೂಲು. ಎಚ್‌ಡಿಎಲ್, ಎಲ್‌ಡಿಎಲ್ ಇಳಿಯುತ್ತವೆ, ಟ್ರೈಗ್ಲಿಸರೈಡ್ ಏರುತ್ತದೆ. ಬೇರೆ ಜ್ವರಗಳಲ್ಲೂ ಒಂದಿಷ್ಟು ಹೀಗೆ ಆಗುವುದುಂಟು, ಹಾಗಾಗಿ ಇದನ್ನು ನೋಡಿ ಮಲೇರಿಯಾ ಎನ್ನಲು ಬರುವುದಿಲ್ಲ. ಆದರೆ ಮಲೇರಿಯಾದಲ್ಲಿ ಈ ಜಿಡ್ಡಿನ ವಿಚಾರಕ್ಕೆ ಬೇರೆಯದೇ ತೂಕವಿದೆ. ರೋಗಾಣು ಬೆಳೆಯುವುದು, ಒಡೆಯುವುದು, ಸೊಳ್ಳೆ ಹತ್ತುವುದು ಎಲ್ಲವೂ ಕೊಬ್ಬಿನ ವ್ಯವಹಾರದ ಮೇಲೆ ನಿಂತಿದೆ. ಸಕ್ಕರೆ ತಿನ್ನುತ್ತದೆ, ಹಿಮೋಗ್ಲೋಬಿನ್ ತಿನ್ನುತ್ತದೆ ಎಂದು ಶಾಲೆಯಲ್ಲಿ ಓದುತ್ತೇವೆ. ಕೊಬ್ಬನ್ನು ಎಲ್ಲಿಂದ ತರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದು, ಯಾಕೆಂದರೆ ಮಲೇರಿಯಾ ಪರಾವಲಂಬಿ ಆರಿಸಿಕೊಂಡ ಮನೆ ವಿಚಿತ್ರವಾದದ್ದು. ನಮ್ಮ ಕೆಂಪು ರಕ್ತಕಣ ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಹೊರಗೆ ಬರುವಷ್ಟರಲ್ಲಿ ತನ್ನ ಕೋಶಕೇಂದ್ರವನ್ನೇ ಬಿಸಾಕಿರುತ್ತದೆ. ಮೈಟೋಕಾಂಡ್ರಿಯಾ ಇಲ್ಲ, ಪ್ರೋಟೀನು, ಕೊಬ್ಬು ತಯಾರಿಸುವ ಒಳಕೋಣೆಗಳಿಲ್ಲ. ಒಂದು ಚೀಲ, ಅದರ ತುಂಬ ಹಿಮೋಗ್ಲೋಬಿನ್, ಅಷ್ಟೇ. 120 ದಿನ ಆಮ್ಲಜನಕ ಹೊತ್ತು ತಿರುಗಿ ಸಾಯುತ್ತದೆ. ಹೊಸ ಕೊಬ್ಬಿನ ಒಂದು ಅಣುವನ್ನೂ ಅದು ಮೊದಲಿನಿಂದ ಕಟ್ಟಲಾರದು. ಒಲೆಯಿಲ್ಲದ, ಉಗ್ರಾಣವಿಲ್ಲದ ಈ ಮನೆಗೆ ಬಾಡಿಗೆಗೆ ಬಂದವನು 48 ಗಂಟೆಯಲ್ಲಿ ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಕೋಣೆ ಕಟ್ಟಬೇಕು ಎಂದುಕೊಳ್ಳಿ. ಗೋಡೆಗೆ ಬೇಕಾದ ಸಾಮಾನು ಮನೆಯೊಳಗೆ ಇಲ್ಲ.

ಎಷ್ಟು ಗೋಡೆ ಬೇಕು? ಲೆಕ್ಕ ಕಷ್ಟದ್ದೇನಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರೋಮೀಟರ್. ಕೆಂಪು ಕಣದ ಹೊರಮೈ ಸುಮಾರು 140 ಚದರ ಮೈಕ್ರೋಮೀಟರ್. ಕಣ ಒಡೆದಾಗ ಹೊರಬೀಳುವ ಮರಿಗೆ ಮೀರೋಜಾಯಿಟ್ ಎಂದು ಹೆಸರು, ಅದರ ಹೊರಮೈ ಸುಮಾರು 8. ಮಲೇರಿಯಾದ ಫಾಲ್ಸಿಪ್ಯಾರಮ್ ಎಂಬ ಜಾತಿಯಲ್ಲಿ ಒಂದು ಕಣದಿಂದ 16ರಿಂದ 32 ಮರಿ ಬರುತ್ತವೆ. 20 ಎಂದು ಹಿಡಿದರೂ 160 ಚದರ ಮೈಕ್ರೋಮೀಟರ್ ಆಯಿತು, ಅಂದರೆ ಇಡೀ ಮನೆಯ ಹೊರಗೋಡೆಗಿಂತ ಹೆಚ್ಚು. ಅದೂ ಬರೀ ಹೊರಪದರ. ಪ್ರತಿ ಮರಿಯ ಹೊರಪದರದ ಕೆಳಗೆ ಚಪ್ಪಟೆ ಚೀಲದಂಥ ಇನ್ನೆರಡು ಪದರ ಇರುತ್ತದೆ, ಸೇರಿಸಿದರೆ 480. ಕೋಶಕೇಂದ್ರದ ಪೊರೆ, ಹೊಸ ಕಣ ಹೊಗಲು ಬೇಕಾದ ಗುಳ್ಳೆಗಳು, ಪರಾವಲಂಬಿ ತನ್ನ ಸುತ್ತ ಕಟ್ಟಿಕೊಳ್ಳುವ ಹೊದಿಕೆ ಇವೆಲ್ಲ ಬೇರೆ. ಸೋಂಕಿದ ಕಣದಲ್ಲಿ ಫಾಸ್ಫೋಲಿಪಿಡ್ ಎಂಬ ಪೊರೆಯ ಕೊಬ್ಬು ಕೊನೆಯ ಹಂತಕ್ಕೆ ಬರುವಾಗ ಐದಾರು ಪಟ್ಟಿನವರೆಗೆ ಏರುತ್ತದೆ ಎನ್ನುವುದು ಈ ಲೆಕ್ಕ ನೋಡಿದ ಮೇಲೆ ಆಶ್ಚರ್ಯ ಅನ್ನಿಸುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದಲ್ಲಿ ಇದು ಕಾಣುತ್ತದೆಯೇ ಎಂದರೆ, ಇಲ್ಲ. ಗಾಜಿನ ಮೇಲೆ ರಕ್ತದ ತೆಳು ಲೇಪ ಎಳೆದು ಜೆ.ಎಸ್.ಬಿ. ಬಣ್ಣ ಹಾಕಿ, ಮೇಲೊಂದು ಹನಿ ಎಣ್ಣೆ ಬಿಟ್ಟು, ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿದರೆ ಕಾಣುವುದು ಉಂಗುರದಂಥ ನೀಲಿ ಗೆರೆ, ಅದರ ಮೇಲೊಂದು ಕೆಂಪು ಚುಕ್ಕೆ. ನೀಲಿ ಅದರ ಮೈ, ಕೆಂಪು ಅದರ ಕೋಶಕೇಂದ್ರ. ದೊಡ್ಡದಾದ ಪರಾವಲಂಬಿಯಲ್ಲಿ ಕಂದು ಬಣ್ಣದ ಹರಳು ಕಾಣುತ್ತದೆ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಜಿಡ್ಡು ಮಾತ್ರ ಈ ಬಣ್ಣಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ನೈಲ್ ರೆಡ್‌ನಂಥ ಬೇರೆ ಬಣ್ಣ ಬೇಕು, ಹಾಕಿದರೆ ಪರಾವಲಂಬಿಯ ಒಳಗೆ ಕೊಬ್ಬಿನ ಹನಿಗಳು ಹಣತೆಯ ಸಾಲಿನಂತೆ ಹೊಳೆಯುತ್ತವೆ.

ಈ ಪೊರೆಯ ಇಟ್ಟಿಗೆಯ ಆಕಾರ ತಿಳಿದರೆ ಮುಂದಿನದು ಸುಲಭ. ಒಂದು ಫಾಸ್ಫೋಲಿಪಿಡ್‌ಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಗಳಿಗೆ ನೀರೆಂದರೆ ಆಗದು. ಜಿಡ್ಡು ಪಾತ್ರೆಗೆ ಬರೀ ನೀರು ಹಾಕಿ ತಿಕ್ಕಿದವರಿಗೆ ಬಾಲದ ಸ್ವಭಾವ ಗೊತ್ತಿದೆ. ಇಂಥ ಕೋಟಿಗಟ್ಟಲೆ ಅಣುಗಳು ಬಾಲಕ್ಕೆ ಬಾಲ ತಾಗಿಸಿ ಎರಡು ಸಾಲು ನಿಂತರೆ ಅದೇ ಪೊರೆ. ಬಾಲಗಳು ಕೊಬ್ಬಿನಾಮ್ಲಗಳು. ಪರಾವಲಂಬಿಯ ಪೊರೆಯಲ್ಲಿ ಅತಿ ಹೆಚ್ಚು ಇರುವ ಇಟ್ಟಿಗೆಯ ತಲೆ ಕೋಲೀನ್. ಹಾಗಾಗಿ ಅದರ ಸಂತೆಯ ಚೀಟಿಯಲ್ಲಿ ಮುಖ್ಯವಾಗಿ ಎರಡು ಸಾಮಾನು: ಬಾಲ, ತಲೆ.

ಬಾಲವನ್ನು ಅದು ನಮ್ಮ ರಕ್ತದ್ರವದಿಂದ ಎತ್ತುತ್ತದೆ. ಕೊಬ್ಬಿನಾಮ್ಲಗಳು ರಕ್ತದಲ್ಲಿ ಆಲ್ಬ್ಯುಮಿನ್ ಎಂಬ ಪ್ರೋಟೀನಿನ ಹೆಗಲ ಮೇಲೆ ಕೂತು ತಿರುಗುತ್ತವೆ, ಬೇಕಾದ ಅಂಗ ಇಳಿಸಿಕೊಳ್ಳುತ್ತದೆ. ಪರಾವಲಂಬಿಯೂ ಇಳಿಸಿಕೊಳ್ಳುತ್ತದೆ. ಇದು ತಿಳಿದದ್ದು ಪ್ರಯೋಗಾಲಯದ ಅಡುಗೆಮನೆಯಲ್ಲಿ. 1976ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಫಾಲ್ಸಿಪ್ಯಾರಮ್ ಪರಾವಲಂಬಿಯನ್ನು ಮೈಯ ಹೊರಗೆ, ತಟ್ಟೆಯಲ್ಲಿ, ನಿರಂತರ ಬೆಳೆಸಿ ತೋರಿಸಿದರು. ಆಗ ಮನುಷ್ಯರ ಸೀರಮ್ ಹಾಕದೆ ಅದು ಬೆಳೆಯುತ್ತಿರಲಿಲ್ಲ. ಸೀರಮ್‌ನಲ್ಲಿ ಅಂಥದ್ದೇನಿದೆ ಎಂದು ಒಂದೊಂದೇ ತೆಗೆದು ನೋಡುತ್ತ ಹೋದವರಿಗೆ ಕೊನೆಗೆ ಉಳಿದದ್ದು ಕೊಬ್ಬು. ಆಲ್ಬ್ಯುಮಿನ್ ಜೊತೆ ಎರಡೇ ಕೊಬ್ಬಿನಾಮ್ಲ, ಪಾಮಿಟಿಕ್ ಮತ್ತು ಒಲೀಕ್, ಕೊಟ್ಟರೂ ಅದು ಬದುಕುತ್ತದೆ. ಪಾಮಿಟಿಕ್‌ನ ಹೆಸರಲ್ಲೇ ತಾಳೆ ಇದೆ. ನಮ್ಮ ಶೇಂಗಾ ಎಣ್ಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಒಲೀಕ್. ಇದನ್ನು ಕೇಳಿದ ಕೂಡಲೇ ಗೌಂಡಿಯ ಹೆಂಡತಿ ನನ್ನತ್ತ ಗೆದ್ದವಳಂತೆ ನೋಡಿದಳು: "ಅದಕ್ಕs ನಾನು ಎಣ್ಣಿ ಬಂದ್ ಮಾಡೀನಿ."

ಹಾಗೆ ಅಲ್ಲ. ಉಣ್ಣದಿದ್ದರೆ ನಮ್ಮ ಮೈ ತನ್ನ ಸಂಗ್ರಹದ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡುತ್ತದೆ. ಉಪವಾಸ ಬೀಳುವವನು ರೋಗಿ, ಪರಾವಲಂಬಿಯ ತಟ್ಟೆ ತುಂಬಿಯೇ ಇರುತ್ತದೆ. ಮೊಟ್ಟೆ ತಿನ್ನುವುದು ಬಿಟ್ಟರೆ ಪರಾವಲಂಬಿ ಕೋಲೀನ್ ಸಿಗದೆ ಸಾಯುತ್ತದೆ ಎನ್ನುವುದೂ ಇದೇ ತರದ ಮಾತು.

ತಲೆಯ ಕಥೆ ಇನ್ನೂ ಸ್ವಾರಸ್ಯದ್ದು. ಕೋಲೀನ್ ಒಳಗೆ ತರಲು ಪರಾವಲಂಬಿ ಕೆಂಪು ಕಣದ ಗೋಡೆಯಲ್ಲಿ ಹೊಸ ಕಂಡಿಗಳನ್ನು ಕೊರೆಯುತ್ತದೆ. ಕೋಲೀನ್ ಸಾಲದಾದರೆ ಇನ್ನೊಂದು ದಾರಿ ಇಟ್ಟುಕೊಂಡಿದೆ. ಹಿಮೋಗ್ಲೋಬಿನ್ ಅರಗಿಸುವಾಗ ಸಿಗುವ ಸೆರೀನ್ ಎಂಬ ಅಮೈನೋ ಆಮ್ಲವನ್ನು ತೆಗೆದುಕೊಂಡು, ಅದಕ್ಕೆ ಒಂದೊಂದೇ ಇಂಗಾಲದ ತುಣುಕು ಅಂಟಿಸಿ ಅದೇ ತಲೆಯನ್ನು ತಾನೇ ಮಾಡಿಕೊಳ್ಳುತ್ತದೆ. ಈ ಕಸುಬು ಮನುಷ್ಯರಿಗೆ ಗೊತ್ತಿಲ್ಲ, ಗಿಡಗಳಿಗೆ ಗೊತ್ತು. ಫ್ರಾನ್ಸಿನ ಮೊಂಪೆಲಿಯೆಯ ಹೆನ್ರಿ ವಿಯಾಲ್ ಅವರ ತಂಡ ಕೋಲೀನ್‌ನ ವೇಷ ಹಾಕಿದ ರಾಸಾಯನಿಕಗಳನ್ನು ಮಾಡಿ ಕೋಲೀನ್‌ನ ದಾರಿಗೆ ಅಡ್ಡಗಟ್ಟಲು ವರ್ಷಗಟ್ಟಲೆ ದುಡಿಯಿತು. ಅಂಥದ್ದೊಂದು 2002ರಲ್ಲಿ ಮಂಗಗಳ ಮಲೇರಿಯಾ ವಾಸಿ ಮಾಡಿತು. ಮುಂದಿನ ಪೀಳಿಗೆಯದೊಂದು ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಬಂತು, ಅಲ್ಲಿಗೆ ನಿಂತಿತು.

ಕೊಲೆಸ್ಟ್ರಾಲ್ ವಿಷಯದಲ್ಲಿ ಪರಾವಲಂಬಿ ಬಹಳ ಬಿಗಿ. ಕೆಂಪು ಕಣದ ಪೊರೆಯಲ್ಲಿ ಕೊಲೆಸ್ಟ್ರಾಲ್ ದಂಡಿಯಾಗಿದೆ. ಪರಾವಲಂಬಿಗೆ ಅದನ್ನು ತಯಾರಿಸಲು ಬರುವುದಿಲ್ಲ, ತನ್ನ ಪೊರೆಯಲ್ಲಿ ಹೆಚ್ಚು ಇಟ್ಟುಕೊಳ್ಳುವುದೂ ಇಲ್ಲ. ಬಂದದ್ದನ್ನು ಹದದಲ್ಲಿಡಲು ಅದರ ಪೊರೆಯಲ್ಲೇ ಒಂದು ಪಂಪು ಇದೆ. ಆ ಪಂಪು ಕೆಡಿಸಿದರೆ ಪರಾವಲಂಬಿ ಸಾಯುತ್ತದೆ.

ಇನ್ನು ಆ ಕಂದು ಹರಳು. ಹಿಮೋಗ್ಲೋಬಿನ್ ತಿಂದಾಗ ಕಬ್ಬಿಣ ಹೊತ್ತ ಹೀಮ್ ಉಳಿಯುತ್ತದೆ. ಬಿಡಿ ಹೀಮ್ ವಿಷ, ಅದು ಪೊರೆಯ ಕೊಬ್ಬನ್ನು ಸುಟ್ಟು ಮುಗ್ಗಲು ಹಿಡಿಸುತ್ತದೆ, ಹಳೇ ಎಣ್ಣೆ ಕಮಟು ಹಿಡಿದ ಹಾಗೆ. ಪರಾವಲಂಬಿ ಅದನ್ನು ಹರಳುಗಟ್ಟಿಸಿ ಮೂಲೆಗೆ ತಳ್ಳುತ್ತದೆ. ಹರಳುಗಟ್ಟುವುದು ನೀರಿನಲ್ಲಿ ಚೆನ್ನಾಗಿ ಆಗುವುದಿಲ್ಲ, ಜಿಡ್ಡಿನ ಹನಿಯ ಮಗ್ಗುಲಲ್ಲಿ ಸರಾಗ. ನಮ್ಮವರು ದಶಕಗಳಿಂದ ನುಂಗುತ್ತ ಬಂದ ಕ್ಲೋರೋಕ್ವಿನ್ ಎಂಬ ಕಹಿ ಗುಳಿಗೆ ಕೆಲಸ ಮಾಡುವುದು ಇಲ್ಲೇ. ಹರಳು ಬೆಳೆಯಲು ಬಿಡುವುದಿಲ್ಲ, ಹೀಮ್ ಬಿಡಿಬಿಡಿಯಾಗಿ ಉಳಿದು ಪರಾವಲಂಬಿಯ ಸ್ವಂತ ಪೊರೆಯನ್ನೇ ಹಾಳುಮಾಡುತ್ತದೆ.

ಮನೆಯ ಯಜಮಾನನಿಗೂ ಪೆಟ್ಟು ಬೀಳುತ್ತದೆ. ಆರೋಗ್ಯವಂತ ಕಣದಲ್ಲಿ ಫಾಸ್ಫಟಿಡೈಲ್ ಸೆರೀನ್ ಎಂಬ ಕೊಬ್ಬು ಯಾವಾಗಲೂ ಪೊರೆಯ ಒಳಸಾಲಿನಲ್ಲಿರುತ್ತದೆ. ಅದು ಹೊರಸಾಲಿಗೆ ಬಂತೆಂದರೆ ಗುಲ್ಮದ ಕಾವಲು ಕೋಶಗಳಿಗೆ "ಈ ಕಣ ಮುಗಿಯಿತು, ಎತ್ತಿಬಿಡಿ" ಎಂಬ ಸಂಕೇತ. ಸೋಂಕಿದ ಕಣಗಳಲ್ಲಿ ಈ ಒಳಹೊರಗಿನ ಶಿಸ್ತು ಸಡಿಲವಾಗುತ್ತದೆ. ಎತ್ತಿ ಎತ್ತಿ ಗುಲ್ಮ ಊದುತ್ತದೆ. ಹಿಂದೆ ಒಂದು ಸೀಮೆಯಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ಶಾಲಾಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ಗುಲ್ಮ ಮುಟ್ಟಿ ನೋಡುತ್ತಿದ್ದರು. 48ನೆಯ ಗಂಟೆಗೆ ಲಕ್ಷಾಂತರ ಕಣಗಳು ಒಟ್ಟಿಗೆ ಒಡೆದು ಮರಿಗಳ ಜೊತೆ ಕಸವೆಲ್ಲ ರಕ್ತಕ್ಕೆ ಸುರಿದಾಗ ಮೈ ನಡುಗುತ್ತದೆ. ಗೌಂಡಿಯ ದಿನ ಬಿಟ್ಟು ದಿನದ ಕೌದಿ ಅದೇ ಗಡಿಯಾರ.

ಒಂದು ಮಾತು ಹೇಳಿಬಿಡಬೇಕು. ಮೇಲೆ ಬರೆದದ್ದರಲ್ಲಿ ಬಹುಪಾಲು ಫಾಲ್ಸಿಪ್ಯಾರಮ್ ಜಾತಿಯಲ್ಲಿ ಕಂಡದ್ದು, ಯಾಕೆಂದರೆ ತಟ್ಟೆಯಲ್ಲಿ ಸಲೀಸಾಗಿ ಬೆಳೆಯುವುದು ಅದೇ. ಗೌಂಡಿಗೆ ಬಂದ ವೈವಾಕ್ಸ್ ಎಳೆಯ ಕೆಂಪು ಕಣಗಳನ್ನೇ ಹುಡುಕಿ ಹೊಗುವ ಜಾತಿ, ಪ್ರಯೋಗಾಲಯಕ್ಕೆ ಇನ್ನೂ ಒಗ್ಗಿಲ್ಲ.

ಈಗ ಬೆಂಗಳೂರಿನ ಕಥೆ. ಜಿಡ್ಡು ಮತ್ತು ಮಲೇರಿಯಾದ ವಿಷಯದಲ್ಲಿ ಇಡೀ ಜಗತ್ತು ಒಮ್ಮೆ ಕರ್ನಾಟಕದತ್ತ ತಿರುಗಿ ನೋಡಿತ್ತು ಎನ್ನುವುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆಯೋ.

1996–97ರ ಸುಮಾರಿಗೆ ಒಂದು ಸಂಗತಿ ಬೆಳಕಿಗೆ ಬಂತು. ಮಲೇರಿಯಾ ಪರಾವಲಂಬಿಯ ಮೈಯಲ್ಲಿ ನಾಲ್ಕು ಪೊರೆ ಸುತ್ತಿದ, ತನ್ನದೇ ಪುಟ್ಟ ಡಿಎನ್‌ಎ ಉಳ್ಳ ಒಂದು ಅಂಗವಿದೆ, ಅದು ಎಂದೋ ನುಂಗಿದ ಪಾಚಿಯೊಂದರ ಹರಿತ್ತು ಕಣದ ಪಳೆಯುಳಿಕೆ. ಹಸಿರು ಹೋಗಿದೆ, ಅಂಗ ಉಳಿದಿದೆ. ಹೆಸರು ಎಪಿಕೋಪ್ಲಾಸ್ಟ್. ಅದರೊಳಗೆ ಕೊಬ್ಬಿನಾಮ್ಲ ಕಟ್ಟುವ ಗಾಣವೊಂದಿದೆ ಎಂದು 1998ರಲ್ಲಿ ಗೊತ್ತಾಯಿತು. ಗಾಣ ಅಂದೆ, ಆದರೆ ಇದು ಕಾಳು ಹಿಂಡುವುದಿಲ್ಲ, ಎರಡೆರಡು ಇಂಗಾಲ ಪೋಣಿಸಿ ಬಾಲ ಉದ್ದ ಮಾಡುತ್ತದೆ. ನಮ್ಮ ಮೈಯಲ್ಲಿ ಈ ಕೆಲಸವನ್ನೆಲ್ಲ ಒಂದೇ ದೊಡ್ಡ ಪ್ರೋಟೀನು ಮಾಡುತ್ತದೆ. ಗಿಡ, ಬ್ಯಾಕ್ಟೀರಿಯಾಗಳಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಬೇರೆ ಕಿಣ್ವ. ಪರಾವಲಂಬಿಯದು ಎರಡನೆಯ ತರಹದ್ದು. ನಮ್ಮಲ್ಲಿಲ್ಲದ ಕಿಣ್ವವನ್ನು ಹೊಡೆದರೆ ನಮಗೆ ಪೆಟ್ಟಾಗುವುದಿಲ್ಲ, ಔಷಧ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಇಲ್ಲ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಆ ಗಾಣದ ಒಂದು ಕಿಣ್ವಕ್ಕೆ ಗುರಿಯಿಟ್ಟರು. ಅವರ ಕೈಯಲ್ಲಿದ್ದ ಕಲ್ಲು ಟ್ರೈಕ್ಲೋಸಾನ್. ಟೂತ್‌ಪೇಸ್ಟ್, ಸಾಬೂನುಗಳಲ್ಲಿ ರೋಗಾಣುನಾಶಕ ಎಂದು ಬೆರೆಸುತ್ತಿದ್ದ ಅದೇ ವಸ್ತು. ಬ್ಯಾಕ್ಟೀರಿಯಾದಲ್ಲಿ ಅದು ಇದೇ ಬಗೆಯ ಕಿಣ್ವವನ್ನು ತಡೆಯುತ್ತದೆ ಎಂದು ಆಗಷ್ಟೇ ಗೊತ್ತಾಗಿತ್ತು. ತಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಸತ್ತಿತು. ಮಲೇರಿಯಾ ತಗುಲಿಸಿದ ಇಲಿಗಳಿಗೆ ಚುಚ್ಚಿದಾಗ ಇಲಿಗಳು ಬದುಕಿದವು. 2001ರ ಫೆಬ್ರವರಿಯಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಹಲ್ಲುಜ್ಜುವ ಪೇಸ್ಟಿನಲ್ಲಿ ಮಲೇರಿಯಾಕ್ಕೆ ಮದ್ದು ಎಂದರೆ ಸುದ್ದಿಯಾಗದೆ ಇರುತ್ತದೆಯೇ?

ಆಮೇಲಿನದು ಅಷ್ಟು ಸುದ್ದಿಯಾಗಲಿಲ್ಲ, ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದೇ. 2008–09ರಲ್ಲಿ ಅಮೆರಿಕದ ಎರಡು ತಂಡಗಳು ಪರಾವಲಂಬಿಯಿಂದ ಆ ಗಾಣದ ಕಿಣ್ವಗಳ ಜೀನುಗಳನ್ನೇ ಕತ್ತರಿಸಿ ತೆಗೆದವು. ಕೆಂಪು ಕಣದೊಳಗೆ ಅದು ಏನೂ ಆಗದಂತೆ ಬೆಳೆಯಿತು! ಗಾಣ ನಿಂತರೂ ಮನೆ ನಡೆಯಿತು, ಸಂತೆಯಿಂದ ಎಣ್ಣೆ ಬರುತ್ತಿತ್ತಲ್ಲ. ಅದೇ ಪರಾವಲಂಬಿ ಯಕೃತ್ತಿನಲ್ಲಿದ್ದಾಗ ಮಾತ್ರ ಕಥೆ ಬೇರೆ. ಸೊಳ್ಳೆ ಕಚ್ಚಿದ ಮೇಲೆ ರಕ್ತಕ್ಕೆ ಇಳಿಯುವ ಮುನ್ನ ಅದು ಯಕೃತ್ತಿನ ಒಂದು ಕೋಶದಲ್ಲಿ ಕೂತು ಸಾವಿರಗಟ್ಟಲೆ ಮರಿ ಮಾಡಬೇಕು. ಗಾಣವಿಲ್ಲದ ಪರಾವಲಂಬಿ ಅಲ್ಲಿ ಕೊನೆಯ ಘಟ್ಟದಲ್ಲಿ ಮುಗ್ಗರಿಸಿತು. 2011ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಇಬ್ಬರು ಇನ್ನೂ ಮುಂದೆ ಹೋಗಿ, ಐಸೋಪ್ರಿನಾಯ್ಡ್ ಎಂಬ ಒಂದೇ ಜಾತಿಯ ಜಿಡ್ಡಿನ ಕಚ್ಚಾವಸ್ತುವನ್ನು ಹೊರಗಿನಿಂದ ಕೊಟ್ಟರೆ ರಕ್ತದ ಹಂತದ ಪರಾವಲಂಬಿ ಇಡೀ ಎಪಿಕೋಪ್ಲಾಸ್ಟ್ ಕಳೆದುಕೊಂಡೂ ಬದುಕುತ್ತದೆ ಎಂದು ತೋರಿಸಿದರು.

ಹಾಗಾದರೆ ಬೆಂಗಳೂರಿನ ತಟ್ಟೆಯಲ್ಲಿ ಪರಾವಲಂಬಿಯನ್ನು ಕೊಂದದ್ದು ಯಾವುದು? ಟ್ರೈಕ್ಲೋಸಾನೇ. ಆದರೆ ಕಲ್ಲು ಬಿದ್ದದ್ದು ಬೇರೆ ಕಡೆಯೂ ಇದ್ದಿರಬೇಕು. 2018ರಲ್ಲಿ ಕೇಂಬ್ರಿಡ್ಜಿನ ತಂಡವೊಂದು, ಈವ್ ಎಂಬ ಹೆಸರಿನ ಯಂತ್ರವಿಜ್ಞಾನಿಯ ನೆರವಿನಿಂದ, ಟ್ರೈಕ್ಲೋಸಾನ್ ಪರಾವಲಂಬಿಯ ಡಿಎಚ್‌ಎಫ್‌ಆರ್ ಎಂಬ ಇನ್ನೊಂದು ಕಿಣ್ವವನ್ನೂ ಹೊಡೆಯುತ್ತದೆ ಎಂದು ಹೇಳಿತು. ಆ ಕಿಣ್ವಕ್ಕೂ ಕೊಬ್ಬಿಗೂ ಸಂಬಂಧವಿಲ್ಲ. ಬೆಂಗಳೂರಿನವರು ತಪ್ಪಿದರು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ಗಾಣದತ್ತ ಅಷ್ಟು ಜನರ ಕಣ್ಣು ಹೊರಳಿಸಿದ್ದು ಅವರ ಕೆಲಸ, ಯಕೃತ್ತಿನ ಹಂತದ ಗುಟ್ಟು ಗೊತ್ತಾದದ್ದು ಆ ಹುಡುಕಾಟದಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಜಿ. ಪದ್ಮನಾಭನ್ ಅವರ ತಂಡ ಹೀಮ್ ತಯಾರಿಕೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿ 2013ರಲ್ಲಿ ಹೇಳಿದ್ದೂ ಇದೇ ಧಾಟಿಯದು: ರಕ್ತದಲ್ಲಿರುವಾಗ ಪರಾವಲಂಬಿಗೆ ಸ್ವಂತ ಹೀಮ್ ಇಲ್ಲದಿದ್ದರೂ ನಡೆಯುತ್ತದೆ, ಸೊಳ್ಳೆಯಲ್ಲಿ, ಯಕೃತ್ತಿನಲ್ಲಿ ಬೇಕೇ ಬೇಕು. ಉಂಡ ಮನೆಯಲ್ಲಿ ಸಿಗುವಷ್ಟು ದಿನ ಕೈ ಕೆಸರು ಮಾಡಿಕೊಳ್ಳದ ಪ್ರಾಣಿ ಇದು.

ಸಂತೆಯಲ್ಲಿ ಸಾಮಾನು ಕಡಿಮೆಯಾದರೆ ಏನು ಮಾಡುತ್ತದೆ? 2017ರ ಕೊನೆಗೆ ಇದಕ್ಕೊಂದು ಉತ್ತರ ಸಿಕ್ಕಿತು. ವಿಜ್ಞಾನಿ ಮತ್ತಿಯಾಸ್ ಮಾರ್ಟಿ ಅವರ ತಂಡ ಕಂಡದ್ದು ಇದು: ನಮ್ಮ ರಕ್ತದ್ರವದಲ್ಲಿ ಲೈಸೋಫಾಸ್ಫಟಿಡೈಲ್‌ಕೋಲೀನ್ ಎಂಬ, ಒಂದೇ ಬಾಲದ ಫಾಸ್ಫೋಲಿಪಿಡ್ ಧಾರಾಳವಾಗಿದೆ. ಪರಾವಲಂಬಿಗೆ ಕೋಲೀನ್ ತಲೆ ಸಿಗುವ ದೊಡ್ಡ ಅಂಗಡಿ ಅದೇ. ಜ್ವರ, ಉರಿಯೂತ ಏರಿದಾಗ ಇದರ ಮಟ್ಟ ಇಳಿಯುತ್ತದೆ. ಇಳಿದದ್ದು ಗೊತ್ತಾದ ಪರಾವಲಂಬಿ ಲೆಕ್ಕ ಬದಲಿಸುತ್ತದೆ, ಮರಿ ಮಾಡುವುದನ್ನು ಕಡಿಮೆ ಮಾಡಿ ಒಂದಿಷ್ಟು ಪಾಲನ್ನು ಗಂಡು ಹೆಣ್ಣುಗಳಾಗಿ ಮಾರ್ಪಡಿಸುತ್ತದೆ. ಗಂಡು ಹೆಣ್ಣುಗಳು ಮನುಷ್ಯನ ಮೈಯಲ್ಲಿ ಏನೂ ಮಾಡುವುದಿಲ್ಲ. ಸೊಳ್ಳೆ ಹೀರಿಕೊಳ್ಳಲಿ ಎಂದು ಕಾಯುತ್ತ ಸುತ್ತುತ್ತವೆ. ಕೆಲಸ ಸಿಗದ ವರ್ಷ ಊರು ಬಿಟ್ಟು ಗುಳೆ ಹೊರಡುವವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಳೆಯ ಮಾತು ಬಂತು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟಿ ಬಂದು ನವಿಲುತೀರ್ಥದ ಕಮರಿಯಲ್ಲಿ ಅಣೆಕಟ್ಟಿಗೆ ಸಿಕ್ಕುತ್ತಾಳೆ. 1972ರಲ್ಲಿ ಮುಗಿದ ಆ ಕಟ್ಟೆಯ ಹಿನ್ನೀರು ಸವದತ್ತಿಯ ಬಾಗಿಲಲ್ಲೇ ಇದೆ, ಮುಂದೆ ನದಿ ರಾಮದುರ್ಗದ ಕಡೆ ಹರಿಯುತ್ತದೆ. ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್‌ಗೆ ಬೇಕಾದದ್ದು ಕೊಚ್ಚೆಯಲ್ಲ, ಕಾಲುವೆ ಸೋರಿ ನಿಂತ ತಿಳಿನೀರು, ನದಿಪಾತ್ರ ಬತ್ತುವಾಗ ಉಳಿಯುವ ಗುಂಡಿಗಳು. 2019ರ ಆಗಸ್ಟಿನ ನೆರೆ ಇಳಿದ ಮೇಲೆ ರಾಮದುರ್ಗದ ಕಡೆ ಅಂಥ ಗುಂಡಿಗಳಿಗೆ ಬರವಿರಲಿಲ್ಲ. ಆ ಸೊಳ್ಳೆಗೆ ಮನುಷ್ಯರಿಗಿಂತ ದನದ ರಕ್ತವೇ ಹೆಚ್ಚು ರುಚಿ ಎನ್ನುವುದು ನಮ್ಮ ಪುಣ್ಯ. ದೇಶದಲ್ಲಿ 1965ರ ಹೊತ್ತಿಗೆ ಒಂದು ಲಕ್ಷಕ್ಕಿಳಿದಿದ್ದ ಮಲೇರಿಯಾ 1976ರಲ್ಲಿ 64 ಲಕ್ಷಕ್ಕೆ ಮರಳಿ ಏರಿತ್ತು. ಈಗ ಆ ಕಾಲವಲ್ಲ. ಈಗ ಅದು ಬಸ್ಸು ಹತ್ತಿ ಬರುತ್ತದೆ. ಮಂಗಳೂರಿನ ಕಟ್ಟಡ ಕೆಲಸದಲ್ಲಿ, ಗೋವಾದ ಕಟ್ಟಡ ಕೆಲಸದಲ್ಲಿ ಉತ್ತರ ಕರ್ನಾಟಕದ ಕೈಗಳು ಬಹಳ. ಅಲ್ಲಿ ಅರ್ಧ ಎದ್ದ ಕಟ್ಟಡದ ಕ್ಯೂರಿಂಗ್ ನೀರಿನಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಇನ್ನೊಂದು ಅನಾಫಿಲಿಸ್, ಸ್ಟೀಫನ್ಸೈ, ಮೊಟ್ಟೆಯಿಡುತ್ತದೆ. ಹಬ್ಬಕ್ಕೋ ಹುಣ್ಣಿಮೆಗೋ ಊರಿಗೆ ಬಂದವನ ರಕ್ತದಲ್ಲಿ ಆ ಗಂಡು ಹೆಣ್ಣುಗಳು ಇದ್ದರೆ, ನಮ್ಮ ಕಾಲುವೆಯ ಸೊಳ್ಳೆಗೆ ಅಷ್ಟು ಸಾಕು. ಹೊರಗೆ ದುಡಿದು ಬಂದವರು ಚಳಿಜ್ವರ ಬಂದರೆ ಎಲ್ಲಿಂದ ಬಂದೆ ಎಂಬುದನ್ನು ಆಶಾ ಕಾರ್ಯಕರ್ತೆಗೆ ಮೊದಲು ಹೇಳಬೇಕು. ಆ ಒಂದು ಮಾತಿಗೆ ರಕ್ತಲೇಪ ಅದೇ ದಿನ ಆಗುತ್ತದೆ.

ಗುಳಿಗೆಯ ವಿಷಯಕ್ಕೆ ಬಂದರೆ ಜಿಡ್ಡಿನ ಲೆಕ್ಕ ಇಲ್ಲಿ ಕೈಗೆ ಸಿಗುವಷ್ಟು ನೇರ. ಆರ್ಟಿಮೆಥರ್–ಲ್ಯೂಮೆಫ್ಯಾಂಟ್ರಿನ್ ಎಂಬ ಜೋಡಿ ಗುಳಿಗೆ ಬರೆದುಕೊಟ್ಟಿದ್ದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಲ್ಯೂಮೆಫ್ಯಾಂಟ್ರಿನ್ ಸ್ವತಃ ಜಿಡ್ಡುಪ್ರಿಯ, ಊಟದಲ್ಲಿ ಕೊಬ್ಬಿದ್ದರೆ ಮಾತ್ರ ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ದಾಟುತ್ತದೆ. ಆರೋಗ್ಯವಂತರಲ್ಲಿ ಮಾಡಿದ ಪರೀಕ್ಷೆಯಲ್ಲಿ ಕೊಬ್ಬಿನೂಟದ ಜೊತೆ ಕೊಟ್ಟಾಗ ಅದು 16 ಪಟ್ಟು ಹೆಚ್ಚು ರಕ್ತಕ್ಕೆ ಸೇರಿತ್ತು. ತುಪ್ಪದ ಹೋಳಿಗೆಯೇ ಆಗಬೇಕೆಂದಿಲ್ಲ, ಒಂದು ಲೋಟ ಗಟ್ಟಿ ಹಾಲು, ರೊಟ್ಟಿಯ ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಚಟ್ನಿ ಸಾಕು. ಮನೆಯಲ್ಲಿ ಎಣ್ಣೆ ಬಂದ್ ಮಾಡಿ ಈ ಗುಳಿಗೆ ಕೊಟ್ಟರೆ ಅದರ ಬಹುಪಾಲು ಹೊಟ್ಟೆಯಲ್ಲೇ ಉಳಿಯುತ್ತದೆ. ಪ್ರವಾಸ ಹೋಗುವವರಿಗೆ, ಕೆಲವು ಚಿಕಿತ್ಸೆಗಳಲ್ಲಿ ಕೊಡುವ ಡಾಕ್ಸಿಸೈಕ್ಲಿನ್ ಹೊಡೆಯುವುದು ಮೇಲೆ ಹೇಳಿದ ಎಪಿಕೋಪ್ಲಾಸ್ಟನ್ನು. ಅದರ ವಿಶೇಷ ಏನೆಂದರೆ ಗುಳಿಗೆ ತಿಂದ ಪರಾವಲಂಬಿ ಸಾಯುವುದಿಲ್ಲ, ಅದರ ಮಕ್ಕಳು ಸಾಯುತ್ತವೆ. ಹಾಗಾಗಿ ಅದು ನಿಧಾನ, ಒಂಟಿಯಾಗಿ ಜ್ವರ ಇಳಿಸಲು ಸಾಲದು.

ವೈವಾಕ್ಸ್‌ಗೆ ಗೌಂಡಿಗೆ ಕೊಟ್ಟದ್ದು ಮೂರು ದಿನದ ಕ್ಲೋರೋಕ್ವಿನ್, 14 ದಿನದ ಪ್ರೈಮಾಕ್ವಿನ್. ಮೊದಲನೆಯದು ಕೆಂಪು ಕಣದೊಳಗಿನ ಹರಳಿನ ಕೆಲಸ ಕೆಡಿಸಿ ಜ್ವರ ಇಳಿಸುತ್ತದೆ. ಎರಡನೆಯದು ಯಕೃತ್ತಿನಲ್ಲಿ ಮುದುಡಿ ಮಲಗಿರುವ ವೈವಾಕ್ಸ್‌ನ ಮರಿಗಳಿಗೆ. ಅವು ತಿಂಗಳುಗಟ್ಟಲೆ ಮಲಗಿ ಆಮೇಲೆ ಎದ್ದು ಬರುತ್ತವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಿಗೆ ಪ್ರೈಮಾಕ್ವಿನ್ ಕೆಂಪು ಕಣಗಳನ್ನೇ ಒಡೆಯಬಲ್ಲದು, ಗರ್ಭಿಣಿಯರಿಗೆ ಕೊಡುವುದಿಲ್ಲ. ಗುಳಿಗೆ ನುಂಗುವಾಗ ಮೂತ್ರ ಕಪ್ಪಾದರೆ ಅಲ್ಲಿಗೆ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕು. ಉಳಿದವರಿಗೆ ಇರುವ ತೊಂದರೆ ಬೇರೆ: ನಾಲ್ಕನೆಯ ದಿನಕ್ಕೆ ಜ್ವರ ಇರುವುದಿಲ್ಲ, ಇನ್ನೂ ಹತ್ತು ದಿನ ಯಾಕೆ ನುಂಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ.

ಲಿಪಿಡ್ ಹಾಳೆಯನ್ನು ನಾನು ಗೌಂಡಿಯ ಹೆಂಡತಿಗೆ ಮಡಚಿ ಕೊಟ್ಟೆ. ಜ್ವರದ ನಡುವೆ ತೆಗೆದ ಈ ಅಂಕಿಗಳನ್ನು ನೋಡಿ ಊಟ ಬದಲಿಸಬೇಡ, ಗುಳಿಗೆ ಶುರು ಮಾಡಬೇಡ, ಚೇತರಿಸಿಕೊಂಡು ತಿಂಗಳೊಪ್ಪತ್ತು ಕಳೆದ ಮೇಲೆ ಬೇಕಿದ್ದರೆ ಇನ್ನೊಮ್ಮೆ ತೆಗೆಸಿ ವೈದ್ಯರಿಗೆ ತೋರಿಸು ಎಂದೆ. ಅಂದೇ ರಾತ್ರಿ ಅವರ ಮನೆಯಿಂದ ಒಗ್ಗರಣೆಯ ವಾಸನೆ ಬಂತು. ಇನ್ನೊಮ್ಮೆ ತೆಗೆಸುವುದು ಆಗಲಿಲ್ಲ. ಮೂರನೆಯ ವಾರಕ್ಕೇ ಗುತ್ತಿಗೆದಾರನ ಫೋನು ಬಂತು, ಅವನು ಗೋವಾ ಬಸ್ಸಿಗೆ ಚೀಲ ಕಟ್ಟಿದ. ಹೊರಡುವಾಗ ಕೇಳಿದೆ, ಪ್ರೈಮಾಕ್ವಿನ್ ಮುಗಿಯಿತೇ ಎಂದು. "ಮುಗಿದsದ ರೀ" ಎಂದ. ಹೆಂಡತಿ ಒಳಗೆ ಹೋಗಿ ಗೂಡಿನಿಂದ ಗುಳಿಗೆಯ ಪಟ್ಟಿ ತಂದು ನನ್ನ ಕೈಯಲ್ಲಿಟ್ಟಳು. ಐದು ದಿನದ್ದು ಹಾಗೇ ಇತ್ತು.